ಅರ್ಧ ಎಕರೆ ಮರಳು ಮಣ್ಣು: ಜಿಂಕೆಗೆ ಏನು ಬಿತ್ತಲಿ?

ಹೊಸಬೇಟೆಗಾರ:

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನ ಲೋವರ್ ಪೆನಿನ್ಸುಲಾದಲ್ಲಿ (ಅಮೆರಿಕದ ಆ ರಾಜ್ಯದ ದಕ್ಷಿಣದ ಪರ್ಯಾಯದ್ವೀಪ), ಅದರ ಉತ್ತರದ ಕಡೆ, ಹೋದ ವರ್ಷ 20 ಎಕರೆ ಕಾಡುಜಮೀನು ತಗೊಂಡೆವು. ಓಕ್, ಪೈನ್, ಒಂದಷ್ಟು ಆಸ್ಪೆನ್. ನಡುವೆ ಅರ್ಧ ಎಕರೆಯಷ್ಟು ಬಯಲಿದೆ. ಹಿಂದೆ ಮರ ಕಡಿದು ದಿಮ್ಮಿ ಪೇರಿಸ್ತಿದ್ದ ಜಾಗವಂತೆ. ಈಗ ಅಲ್ಲಿ ಮೊಣಕಾಲೆತ್ತರದ ಜರಿಗಿಡ ಬಿಟ್ಟರೆ ಹೆಚ್ಚೇನಿಲ್ಲ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಿಹೋಗುತ್ತೆ, ಅಷ್ಟು ಮರಳು.

ಅಲ್ಲಿ ಫುಡ್ ಪ್ಲಾಟ್, ಅಂದರೆ ಜಿಂಕೆ ಮೇಯೋಕೆ ಬರಲಿ ಅಂತ ಬೆಳೆಸೋ ಪುಟ್ಟ ಹೊಲ, ಮಾಡಬೇಕು ಅಂತ ಆಸೆ. ಅಂಗಡಿಯಲ್ಲಿ ದೊಡ್ಡ ಕೊಂಬಿನ ಗಂಡಿನ ಚಿತ್ರ ಇರೋ ಬೀಜದ ಚೀಲ ಸಿಕ್ತು. ಉಳುಮೆ ಬೇಡ, ಎರಚಿದರೆ ಸಾಕು ಅಂತ ಮೇಲೆ ಬರೆದಿದೆ, ಒಂದು ತಗೊಂಡಿದೀನಿ. ಟ್ರ್ಯಾಕ್ಟರ್ ಇಲ್ಲ. ಎಟಿವಿ (ಕಾಡುದಾರೀಲಿ ಓಡೋ ನಾಲ್ಕು ಚಕ್ರದ ಸಣ್ಣ ಗಾಡಿ) ಇದೆ, ಬೆನ್ನಿಗೆ ಹಾಕೋ ಸ್ಪ್ರೇಯರ್ ಇದೆ, ಕೈಯಲ್ಲಿ ತಿರುಗಿಸೋ ಸ್ಪ್ರೆಡರ್ ಇದೆ. ಪಕ್ಕದ ಜಮೀನಿನವರು "ಇಷ್ಟೆಲ್ಲಾ ಯಾಕೆ, ನಾಲ್ಕು ಚೀಲ ಮೆಕ್ಕೆಜೋಳ ಸುರಿ" ಅಂತಾರೆ.

ಈಗ ಮೇ ಕೊನೆ. ನವೆಂಬರ್ 15ಕ್ಕೆ ಬಂದೂಕಿನ ಸೀಸನ್ ಶುರು. ಅಷ್ಟರಲ್ಲಿ ಏನಾದರೂ ಹಸಿರು ನಿಲ್ಲಿಸೋಕೆ ಆಗುತ್ತಾ? ಏನು ಬಿತ್ತಲಿ, ಯಾವಾಗ ಬಿತ್ತಲಿ?

ಮಣ್ಣಕ್ಕ:

ನೋಡಪ್ಪ, ಮೊದಲು ಆ ಚೀಲ ತಿರುಗಿಸು. ಹಿಂದೆ ಸಣ್ಣ ಬಿಳಿ ಚೀಟಿ ಹೊಲಿದಿರ್ತಾರೆ, ಬೀಜ ಮಾರೋರು ಅದನ್ನ ಹಾಕಲೇಬೇಕು. ಕೊಂಬಿನ ಚಿತ್ರ ಅಲ್ಲ, ಆ ಚೀಟಿ ಓದು. ಇಂಥ ಬಹಳ ಚೀಲಗಳಲ್ಲಿ ದೊಡ್ಡ ಪಾಲು ಆನ್ಯುಯಲ್ ರೈಗ್ರಾಸ್ ಅನ್ನೋ ಹುಲ್ಲಿನ ಬೀಜ ಇರುತ್ತೆ. ಬಂಡೆ ಮೇಲೆ ಎಸೆದರೂ ಹುಟ್ಟುತ್ತೆ, ಅದಕ್ಕೇ ಹಾಕ್ತಾರೆ. ಜಿಂಕೆ ಬೇರೆ ಏನೂ ಇಲ್ಲದಾಗ ತಿನ್ನುತ್ತೆ. ಆಮೇಲೆ ಅದು ಬೀಜ ಉದುರಿಸಿ ಮುಂದೆ ನೀನು ಹಾಕೋ ಕ್ಲೋವರ್ (ಜಿಂಕೆಗೆ ಇಷ್ಟವಾದ, ದ್ವಿದಳ ಜಾತಿಯ ಮೇವಿನ ಗಿಡ) ಮಧ್ಯೆ ಕಳೆಯಾಗಿ ಕೂರುತ್ತೆ. ಇನ್ನೊಂದು ಸಾಲು ನೋಡು, "ಇನರ್ಟ್ ಮ್ಯಾಟರ್" ಅಂತ ಇರುತ್ತೆ, ಅಂದರೆ ಬೀಜವಲ್ಲದ ತೂಕ. ಲೇಪನ ಹಚ್ಚಿದ ಕ್ಲೋವರ್ ಬೀಜದಲ್ಲಿ ಮೂರನೇ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಆ ಲೇಪನದ ತೂಕವೇ. ಲೇಪನ ಕೆಟ್ಟದ್ದಲ್ಲ, ಆದರೆ ಪೌಂಡಿನ ಲೆಕ್ಕ ಹಾಕುವಾಗ ಅದನ್ನ ಕಳೆದು ಲೆಕ್ಕ ಹಾಕಬೇಕು. ಅಂಗಡಿಯವರು ವಾಪಸ್ ತಗೊಂಡರೆ ಕೊಟ್ಟುಬಿಡು.

ಜರಿಗಿಡ ಅಂದೆಯಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ತು. ಬ್ರಾಕನ್ ಜರಿ ದಟ್ಟವಾಗಿ ನಿಂತ ಮರಳುಮಣ್ಣು ಹುಳಿ ಮಣ್ಣು, ಪಿಎಚ್ 5ರ ಆಸುಪಾಸು ಇದ್ದರೆ ನನಗೇನೂ ಆಶ್ಚರ್ಯ ಇಲ್ಲ. ಕ್ಲೋವರ್‌ಗೆ 6.5 ಬೇಕು. 5ರಲ್ಲಿ ಏನಾಗುತ್ತೆ ಗೊತ್ತಾ? ಬೀಜ ಹುಟ್ಟುತ್ತೆ, ನೀನು ಫೋಟೋ ತೆಗೀತೀಯ, ಆಮೇಲೆ ಅದು ಎರಡು ಅಂಗುಲಕ್ಕೆ ನಿಂತು ಹಳದಿ ತಿರುಗುತ್ತೆ. ಗಾಳಿಯ ಸಾರಜನಕ ಹಿಡಿದುಕೊಡೋ ರೈಜೋಬಿಯಂ ಬ್ಯಾಕ್ಟೀರಿಯಾ ಬೇರುಗಂಟಲ್ಲಿ ಕೂರೋದಿಲ್ಲ, ನೀನು ಹಾಕಿದ ಗೊಬ್ಬರದ ರಂಜಕವನ್ನ ಹುಳಿಮಣ್ಣು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡೋದಿಲ್ಲ. ಜನ ಬೀಜ ಬದಲಾಯಿಸ್ತಾ ಹೋಗ್ತಾರೆ, ಮಣ್ಣು ಬದಲಾಯಿಸೋದಿಲ್ಲ.

ಹಾಗಾಗಿ ಈ ವಾರವೇ ಮಣ್ಣು ಪರೀಕ್ಷೆಗೆ ಕಳಿಸು. ಬಯಲಿನ ತುಂಬ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ನಾಲ್ಕರಿಂದ ಆರು ಅಂಗುಲ ಆಳದ ಮಣ್ಣು ತೆಗಿ. ಮೇಲಿನ ಎಲೆಕಸ ಸರಿಸಿ ತೆಗಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಒಣಗಿಸಿ, ಒಂದು ಬೊಗಸೆಯಷ್ಟು ಕಳಿಸಿದರೆ ಸಾಕು. ಬಕೆಟ್ ಕಬ್ಬಿಣದ್ದು ಬೇಡ. ಫಾರ್ಮಿನಲ್ಲಿ ಬೆಳೆ ಯಾವುದು ಅಂತ ಕೇಳ್ತಾರೆ, ಕ್ಲೋವರ್ ಅಂತ ಬರಿ. ಪಿಎಚ್ ಜೊತೆ ಬಫರ್ ಪಿಎಚ್ ಅಂತ ಇನ್ನೊಂದು ಅಂಕಿ ಬರುತ್ತೆ. ಎಕರೆಗೆ ಎಷ್ಟು ಟನ್ ಸುಣ್ಣ ಅನ್ನೋದು ಆ ಎರಡನೇ ಅಂಕಿಯಿಂದ ಗೊತ್ತಾಗೋದು. ಅಂಗಡೀಲಿ ಸಿಗೋ ಚುಚ್ಚಿ ನೋಡೋ ಮೀಟರ್ ಅದನ್ನ ಹೇಳಲ್ಲ.

ಸುಣ್ಣಕ್ಕೆ ಕೆಲಸ ಮಾಡೋಕೆ ತಿಂಗಳುಗಟ್ಟಲೆ ಬೇಕು. ಹರಗಿ ಮಣ್ಣಿಗೆ ಸೇರಿಸಿದರೆ ಬೇಗ, ಮೇಲೆ ಎರಚಿ ಬಿಟ್ಟರೆ ಬಹಳ ಕಾಲ ಮೇಲಿನ ಒಂದೆರಡು ಅಂಗುಲದಲ್ಲೇ ಇರುತ್ತೆ. ನಿನ್ನ ಹತ್ತಿರ ಉಳೋಕೆ ಏನೂ ಇಲ್ಲ, ಹಾಗಾಗಿ ಜೂನ್‌ನಲ್ಲೇ ಎರಚು. ಗುಳಿಗೆ ಸುಣ್ಣ ಕಡಿಮೆ ಸಾಕಾಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಅದು ನುಣ್ಣಗಿರೋದರಿಂದ ಸ್ವಲ್ಪ ಬೇಗ ಕರಗುತ್ತೆ ಅಷ್ಟೇ. ಟನ್ ಕೆಲಸವನ್ನ ನಾಲ್ಕು ಚೀಲ ಮಾಡಲ್ಲ.

ಈ ವರ್ಷದ ಬೆಳೆಗೆ ನನ್ನ ಉತ್ತರ ರೈ. ಧಾನ್ಯದ ರೈ, ಸೀರಿಯಲ್ ರೈ ಅಂತ ಕೇಳಿ ತಗೋ, ಮೇಲೆ ಬೈದ ರೈಗ್ರಾಸ್ ಅಲ್ಲ. ಹುಳಿಮಣ್ಣು ತಡೆಯುತ್ತೆ, ಮರಳು ತಡೆಯುತ್ತೆ, ಹಿಮಕ್ಕೂ ಹಸಿರಾಗೇ ನಿಲ್ಲುತ್ತೆ. ಓಟ್ಸ್ ಅದಕ್ಕಿಂತ ರುಚಿ, ಆದರೆ ನಮ್ಮ ಚಳಿಗೆ ಸತ್ತುಹೋಗುತ್ತೆ. ಬೇಕಾದರೆ ಅಕ್ಟೋಬರ್‌ನ ಬಿಲ್ಲಿನ ಬೇಟೆಗೆ ಅಂತ ಹತ್ತು ಪೌಂಡ್ ಬೆರೆಸಿಕೋ.

ಕ್ರಮ ಹೀಗಿರಲಿ. ಜರಿಯ ಗರಿ ಪೂರ್ತಿ ಬಿಚ್ಚಿಕೊಂಡ ಮೇಲೆ, ಜುಲೈ ಕೊನೆ ಅಥವಾ ಆಗಸ್ಟ್ ಮೊದಲಲ್ಲಿ, ಗ್ಲೈಫೊಸೇಟ್ ಕಳೆನಾಶಕ ಹೊಡಿ. ಈಗ ಸುರುಳಿ ಬಿಚ್ಚುತ್ತಿರೋವಾಗ ಹೊಡೆದರೆ ಔಷಧಿ ನೆಲದೊಳಗಿನ ಗೆಡ್ಡೆಗೆ ಇಳಿಯೋದಿಲ್ಲ, ಮತ್ತೆ ಚಿಗುರುತ್ತೆ. ಲೇಬಲ್ ಓದಿ ಅಳತೆ ಹಾಕು, ಗಾಳಿ ಇರುವಾಗ ಬೇಡ. ಆಗಸ್ಟ್ ಕೊನೇ ವಾರದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ, ಮಳೆ ಬರೋದು ಖಾತ್ರಿ ಇರೋ ದಿನದ ಹಿಂದಿನ ದಿನ ಬಿತ್ತು. ಒಣಗಿ ಬಿದ್ದ ಜರಿಯನ್ನ ಕೆದರಿ ನೆಲ ಕಾಣೋ ಹಾಗೆ ಮಾಡ್ಕೊ. ಹಳೇ ಚೈನ್‌ಲಿಂಕ್ ಬೇಲಿಯ ತುಂಡಿಗೆ ಒಂದು ಮರದ ತುಂಡು ಕಟ್ಟಿ ಎಟಿವಿ ಹಿಂದೆ ಎಳೆದರೆ ನಿನ್ನ ಕುಂಟೆ ತಯಾರು. ಅರ್ಧ ಎಕರೆಗೆ ರೈ 40ರಿಂದ 50 ಪೌಂಡ್. ಎರಚಿ, ಇನ್ನೊಮ್ಮೆ ಕುಂಟೆ ಎಳಿ. ಆಮೇಲೆ ಎಟಿವಿ ಚಕ್ರದಲ್ಲೇ ಇಡೀ ಬಯಲು ತುಳಿಸು. ಬೀಜಕ್ಕೂ ಮಣ್ಣಿಗೂ ಅಂಟು ಬೀಳಬೇಕು, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಕ್ಲೋವರ್ ಈ ವರ್ಷ ಬೇಡ. ಸುಣ್ಣ ಒಂದು ಚಳಿಗಾಲ ಕಳೀಲಿ. ಮುಂದಿನ ಮಾರ್ಚ್‌ನಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು ಬರ್ತವಲ್ಲ, ಆಗ ಬೆಳಿಗ್ಗೆ ಬೇಗ ಹೋಗಿ ರೈ ಪೈರಿನ ಮೇಲೇ ಲಡಿನೋ ಕ್ಲೋವರ್ ಎರಚು. ಅರ್ಧ ಎಕರೆಗೆ 4 ಪೌಂಡ್, ಜೊತೆಗೆ ಒಂದು ಪೌಂಡ್ ಚಿಕೋರಿ. ನೆಲ ಬಿರಿದು ಮುಚ್ಚಿಕೊಳ್ಳೋವಾಗ ಬೀಜವನ್ನ ತಾನೇ ಒಳಗೆಳೆದುಕೊಳ್ಳುತ್ತೆ, ಉಳುಮೆ ಬೇಕಿಲ್ಲ. ಕ್ಲೋವರ್ ಬೀಜ ಕಾಲು ಅಂಗುಲಕ್ಕಿಂತ ಆಳ ಹೋದರೆ ಮೇಲೆ ಬರೋ ಶಕ್ತಿ ಇರಲ್ಲ, ಅದಕ್ಕೆ ಈ ದಾರಿಯೇ ಸರಿ. ಚಿಕೋರಿ ಯಾಕೆ ಅಂದರೆ ಅದರ ಬೇರು ಆಳ. ಜುಲೈನ ಬಿಸಿಲಿಗೆ ನಿನ್ನ ಮರಳಲ್ಲಿ ಕ್ಲೋವರ್ ಮಲಗಿಬಿಟ್ಟಾಗ ಚಿಕೋರಿ ನಿಂತಿರುತ್ತೆ.

ಟರ್ನಿಪ್, ಮೂಲಂಗಿ, ರೇಪ್ (ಸಾಸಿವೆ ಜಾತಿಯ ಮೇವಿನ ಸೊಪ್ಪು) ಎಲ್ಲ ಈಗಲೇ ಬೇಡ. ಫೋಟೋದಲ್ಲಿ ಚೆನ್ನ. ಅವು ಸಾರಜನಕ ಕುಡಿಯೋ ಬೆಳೆ, ಮರಳಿನಲ್ಲಿ ಯೂರಿಯಾ ಹಾಕಿದರೆ ಒಂದು ಜೋರು ಮಳೆಗೆ ತೊಳೆದುಹೋಗುತ್ತೆ. ಮಣ್ಣು ಹದಕ್ಕೆ ಬಂದಮೇಲೆ ಒಂದು ಮೂಲೆಯಲ್ಲಿ ಹಾಕಿ ನೋಡು. ಹಾಕಿದರೂ ಅದೇ ಜಾಗದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಬೇಡ, ಬೇರಿನ ರೋಗ ಸೇರ್ಕೊಳ್ಳುತ್ತೆ.

ಇನ್ನೊಂದು ಹೇಳಬೇಕು. ಬಿತ್ತಿದ ದಿನವೇ ಒಂದು ಪಂಜರ ನಿಲ್ಲಿಸು. ನಾಲ್ಕಡಿ ಎತ್ತರದ ವೆಲ್ಡೆಡ್ ಜಾಲರಿಯನ್ನ ಮೂರಡಿ ಅಗಲದ ಉಂಗುರ ಮಾಡಿ ಗೂಟಕ್ಕೆ ಕಟ್ಟಿದರೆ ಆಯ್ತು. ಅಕ್ಟೋಬರ್‌ನಲ್ಲಿ ಬಯಲು ನುಣ್ಣಗೆ ಕಾಣ್ತಾ ಇದ್ದರೆ ಬೆಳೆ ಬಂದಿಲ್ಲ ಅಂತ ಅನಿಸುತ್ತೆ. ಪಂಜರದೊಳಗೆ ನೋಡಿದರೆ ರೈ ಪಾದ ಮುಳುಗೋಷ್ಟು ಎದ್ದಿರುತ್ತೆ. ಹಾಗಿದ್ದರೆ ಹೊರಗಿನದ್ದು ತಿಂದು ಮುಗಿಸಿದಾವೆ ಅಂತ. ಒಳಗೂ ಇಲ್ಲ ಅಂದರೆ ಮಣ್ಣಿನ ತಕರಾರು. ಯಾರು ತಿಂದಿದ್ದು ಅಂತ ನೋಡಬೇಕಾದರೆ ಬಗ್ಗಿ ಗಿಡದ ತುದಿ ನೋಡು. ಜಿಂಕೆಗೆ ಮೇಲಿನ ಮುಂದಿನ ಹಲ್ಲಿಲ್ಲ, ಅದು ಕಿತ್ತು ಹರಿಯುತ್ತೆ, ತುದಿ ನಾರುನಾರಾಗಿರುತ್ತೆ. ಮೊಲ ತಿಂದಿದ್ದರೆ ಬ್ಲೇಡಲ್ಲಿ ಓರೆಯಾಗಿ ಕೊಯ್ದ ಹಾಗೆ.

ಮತ್ತೆ, ಓಕ್ ಇದೆ ಅಂದೆ. ಕಾಯಿ ಜೋರಾಗಿ ಬಿದ್ದ ವರ್ಷ ಜಿಂಕೆ ನಿನ್ನ ರೈ ಕಡೆ ತಿರುಗಿಯೂ ನೋಡಲ್ಲ. ಬಿಳಿ ಓಕ್ ಕಾಯಿ ಮುಗಿಯೋವರೆಗೂ ಅವಕ್ಕೆ ಅದೇ ಊಟ. ಆಗ ಬಯಲು ಕಾಯೋದು ಬಿಟ್ಟು ಮರದ ಕಡೆ ಹೋಗು.

ಮೆಕ್ಕೆಜೋಳ ಸುರಿಯೋ ವಿಚಾರ ಬೇರೆಯವರು ಹೇಳ್ತಾರೆ. ನಾನು ಬರೆದರೆ ಜಗಳ ಆಗುತ್ತೆ.

ಜಾರ್ಜಿಯಾಬಿಲ್ಲು:

ಅಕ್ಕ ಹೇಳಿದ್ದು ಉತ್ತರಕ್ಕೆ. ದಕ್ಷಿಣದಿಂದ ಓದ್ತಿರೋರು ಆ ತಾರೀಕು ಹಿಡ್ಕೊಂಡು ಬಿತ್ತಬೇಡಿ. ಜಾರ್ಜಿಯಾದಲ್ಲಿ ನಾನು ಗೋಧಿ, ಓಟ್ಸ್, ಕ್ರಿಮ್ಸನ್ ಕ್ಲೋವರ್ ಬಿತ್ತೋದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಹಾಕಿದರೆ ಬಿಸಿಲಿಗೆ ಸುಟ್ಟು, ಉಳಿದಿದ್ದನ್ನ ಸೈನಿಕ ಹುಳು ಒಂದು ವಾರದಲ್ಲಿ ಬೋಳಿಸುತ್ತೆ.

ಬೇಸಿಗೆಗೆ ಇಲ್ಲಿ ಅಲಸಂದೆ ಮತ್ತು ಅವರೆ. ಲ್ಯಾಬ್‌ಲ್ಯಾಬ್ ಅಂತ ಚೀಲದ ಮೇಲೆ ಬರೆದಿರುತ್ತೆ, ಜಿಂಕೆಗೆ ಪಂಚಪ್ರಾಣ. ಸಮಸ್ಯೆ ಏನಂದರೆ ಅರ್ಧ ಎಕರೆ ಹಾಕಿದರೆ ಎರಡೆಲೆ ಬಂದ ಕೂಡಲೇ ಮುಗೀತು, ಮೊಳಕೆ ತುದಿ ಚಿವುಟಿದರೆ ಮತ್ತೆ ಏಳೋದು ಕಷ್ಟ. ಒಂದೋ ಹಲವು ಎಕರೆ ಬೇಕು, ಇಲ್ಲ ಒಂದೂವರೆ ಎರಡು ತಿಂಗಳು ಕರೆಂಟ್ ಬೇಲಿ ಬೇಕು. ಬೇಲಿ ಎತ್ತರ ಬೇಕಿಲ್ಲ. ಮೂರಡಿ ಅಂತರದಲ್ಲಿ ಎರಡು ಸಾಲು ತಂತಿ ಎಳೆದರೆ ಜಿಂಕೆಗೆ ಅಗಲದ ಅಂದಾಜು ಸಿಗದೆ ಹಾರೋಕೆ ಹಿಂಜರಿಯುತ್ತೆ.

ಗಾಳಿಮೂಗು:

ಅಕ್ಕನ ಕೃಷಿಗೆ ನನ್ನದೇನೂ ತಕರಾರಿಲ್ಲ. ಆದರೆ ಬೆಳೆ ಎಷ್ಟು ಚೆನ್ನಾಗಿ ಬಂದರೂ ನೀವು ಬಯಲಿಗೆ ಹೋಗೋ ದಾರಿ ತಪ್ಪಿದರೆ ಕತ್ತಲಾದಮೇಲೆ ಮಾತ್ರ ಮೇಯೋ ಜಿಂಕೆ ಸಾಕಿದ ಹಾಗೆ.

ಮೊದಲು ಜೋಳದ ವಿಷಯ ಮುಗಿಸ್ತೀನಿ. ಲೋವರ್ ಪೆನಿನ್ಸುಲಾದಲ್ಲಿ ಜಿಂಕೆಗೆ ಆಹಾರ ಸುರಿಯೋದು, ಸುರಿದು ಬೇಟೆಯಾಡೋದು ಎರಡನ್ನೂ 2019ರ ಜನವರಿ 31ರಿಂದ ನಿಷೇಧಿಸಿದರು. ಕಾರಣ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್), ಜಿಂಕೆಯ ಮಿದುಳು ಕೆಡಿಸಿ ಸೊರಗಿಸಿ ಕೊಲ್ಲೋ ರೋಗ. ಮಿಶಿಗನ್‌ನ ಕಾಡುಜಿಂಕೆಯಲ್ಲಿ ಅದು 2015ರಲ್ಲಿ ಸಿಕ್ತು. ಪ್ರಿಯಾನ್‌ನಿಂದ (ಆಕಾರ ಕೆಟ್ಟ ಪ್ರೊಟೀನ್) ಬರೋದು, ಔಷಧಿ ಇಲ್ಲ, ಜೊಲ್ಲು ಮೂತ್ರದಲ್ಲಿ ಹರಡುತ್ತೆ, ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಒಂದೇ ರಾಶಿಗೆ ಹತ್ತು ಮೂತಿ ಇಟ್ಟರೆ ಏನಾಗುತ್ತೆ ಯೋಚಿಸಿ. ಸಾಮಾನ್ಯ ಕೃಷಿಯಲ್ಲಿ ಬೆಳೆದು ನಿಂತ ಬೆಳೆಗೆ ಆ ನಿಷೇಧ ಇಲ್ಲ, ಆದ್ದರಿಂದ ಫುಡ್ ಪ್ಲಾಟ್ ಸರಿ. ಆದರೆ ಬೆಳೆದಿದ್ದನ್ನ ಕೊಯ್ದು ತಂದು ಅಟ್ಟಣೆ ಮುಂದೆ ರಾಶಿ ಹಾಕಿದರೆ ಅದು ಬೆಳೆ ಅಲ್ಲ, ಆಮಿಷ. ನಿಯಮ ಬದಲಾಗ್ತಾ ಇರುತ್ತೆ, ಆ ವರ್ಷದ ಸರ್ಕಾರಿ ಬೇಟೆ ಕೈಪಿಡಿ ನೋಡಿಕೊಂಡೇ ಇಳಿಯಿರಿ. ಹಾಗೇ ನೆರೆಯವರ ವಾಸದ ಮನೆಯಿಂದ 450 ಅಡಿ ಒಳಗೆ ನಿಮ್ಮ ಬಯಲು ಬರುತ್ತಾ ಅಳೆದುಕೊಳ್ಳಿ. ಬಂದರೆ ಅವರಿಂದ ಬರಹದಲ್ಲಿ ಒಪ್ಪಿಗೆ ಬೇಕು.

ಇನ್ನು ಗಾಳಿ. ನವೆಂಬರ್‌ನಲ್ಲಿ ನಮ್ಮ ಕಡೆ ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ ಬೀಸುತ್ತೆ. ಅಟ್ಟಣೆ ಬಯಲಿನ ಪೂರ್ವಕ್ಕೋ ಆಗ್ನೇಯಕ್ಕೋ ಇರಲಿ, ನೀವು ಬರೋ ದಾರಿಯೂ ಆ ಕಡೆಯಿಂದಲೇ ಇರಲಿ, ಜಿಂಕೆ ಮಲಗೋ ಜಾಗ ದಾಟಿ ಬರಬೇಡಿ. ಇಳಿಜಾರಿದ್ದರೆ ಸಂಜೆ ತಂಪಾದ ಗಾಳಿ ಕೆಳಗೆ ಹರಿಯುತ್ತೆ, ನಿಮ್ಮ ವಾಸನೆಯೂ ಅದರ ಜೊತೆ. ಬಿಲ್ಲಿನವರಾದರೆ ಬಯಲನ್ನ ನಡುವಲ್ಲಿ ಕಿರಿದಾಗಿ, ಡಮರುಗದ ಆಕಾರದಲ್ಲಿ ಬಿಡಿ. ಆ ಸೊಂಟದ ಹತ್ತಿರ ಕೂತರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋ ಜಿಂಕೆ ನಿಮ್ಮ ಮುಂದೆಯೇ ಹಾಯಬೇಕು.

ಬರೋದಕ್ಕಿಂತ ಕಷ್ಟ ವಾಪಸ್ ಹೋಗೋದು. ಗುಂಡು ಹಾರಿಸೋ ವೇಳೆ ಮುಗಿದಾಗ ಬಯಲಲ್ಲಿ ಐದಾರು ಹೆಣ್ಣು ಮೇಯ್ತಾ ಇರುತ್ವೆ. ನೀವು ಏಣಿ ಇಳಿದರೆ ಒಂದು ಬುಸುಗುಟ್ಟುತ್ತೆ, ಬಾಲ ಎತ್ತಿ ಎಲ್ಲ ಓಡ್ತವೆ, ಆ ಅಟ್ಟಣೆಯ ಕಥೆ ಅಲ್ಲಿಗೆ ಮುಗೀತು. ನಾನು ಮಾಡೋದು ಹೀಗೆ: ಮನೆಯವಳಿಗೆ ಮೆಸೇಜ್ ಹಾಕ್ತೀನಿ, ಅವಳು ಎಟಿವಿಯಲ್ಲಿ ನೇರ ಬಯಲಿಗೆ ಬರ್ತಾಳೆ. ಜಿಂಕೆ ಪಕ್ಕಕ್ಕೆ ಸರಿಯುತ್ತೆ, ನಾನು ಹತ್ತಿ ಹೊರಡ್ತೀನಿ. ಗಾಡಿಗೆ ಅವು ಹೆದರೋ ಹೆದರಿಕೆಯೇ ಬೇರೆ, ನಡೆಯೋ ಮನುಷ್ಯನಿಗೆ ಹೆದರೋದೇ ಬೇರೆ. (ಈ ಸೇವೆಗೆ ಬದಲಾಗಿ ಪಾತ್ರೆ ತೊಳೆಯೋದು ನನ್ನ ಪಾಲಿಗೆ ಬಂದಿದೆ.)

ಹೊಸಬೇಟೆಗಾರ:

ಎಲ್ಲರಿಗೂ ಧನ್ಯವಾದ. ಚೀಟಿ ಓದಿದೆ ಅಕ್ಕ, ನೀವು ಹೇಳಿದ್ದೇ: ಮೊದಲ ಸಾಲಲ್ಲೇ ರೈಗ್ರಾಸ್. ಅಂಗಡಿಯವರು ವಾಪಸ್ ತಗೊಂಡರು.

ಮಣ್ಣಿನ ವರದಿ ಇವತ್ತು ಬಂತು. ಪಿಎಚ್ 5.1. ಪೊಟ್ಯಾಶ್ ಕಡಿಮೆ, ರಂಜಕ ಪರವಾಗಿಲ್ಲ. ಎಕರೆಗೆ 2 ಟನ್ ಸುಣ್ಣ ಅಂತಿದೆ. ಮೂರು ಪ್ರಶ್ನೆ. ಒಂದು, ಸುಣ್ಣದ ಬದಲು ಜಿಪ್ಸಮ್ ಹಾಕಿದರೆ ಆಗುತ್ತಾ? ಒಬ್ಬರು ಅದು ಸುಲಭ ಅಂದರು. ಎರಡು, ಕ್ಯಾಬಿನ್‌ನ ಕಟ್ಟಿಗೆ ಒಲೆಯ ಬೂದಿ ಎರಡು ಡ್ರಮ್ ಇದೆ, ಉಪಯೋಗ ಇದೆಯಾ? ಮೂರು, ಕ್ಲೋವರ್ ಬಂದಮೇಲೆ ಅದನ್ನ ನೋಡಿಕೊಳ್ಳೋದು ಹೇಗೆ?

ಮಣ್ಣಕ್ಕ:

ಜಿಪ್ಸಮ್ ಬೇಡ. ಅದರಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಹುಳಿ ಕಳೆಯೋ ಕಾರ್ಬೊನೇಟ್ ಇಲ್ಲ, ಪಿಎಚ್ ಏರಲ್ಲ. ಬಿಳಿ ಪುಡಿ ಎಲ್ಲ ಸುಣ್ಣ ಅಲ್ಲ.

ಎಕರೆಗೆ 2 ಟನ್ ಅಂದರೆ ನಿನ್ನ ಅರ್ಧ ಎಕರೆಗೆ ಒಂದು ಟನ್, 2000 ಪೌಂಡ್. 40 ಪೌಂಡಿನ ಚೀಲ 50. ಬೆನ್ನು ನೋಯುತ್ತೆ, ಹುಡುಗರನ್ನ ಕರ್ಕೊ. ಕೈ ಸ್ಪ್ರೆಡರ್‌ನಲ್ಲಿ ಇದಾಗಲ್ಲ, ಎಟಿವಿ ಹಿಂದೆ ಎಳೆಯೋ ಸ್ಪ್ರೆಡರ್ ಬಾಡಿಗೆಗೆ ತಗೊ. ಅರ್ಧ ಸುಣ್ಣ ಉತ್ತರ ದಕ್ಷಿಣವಾಗಿ, ಇನ್ನರ್ಧ ಪೂರ್ವ ಪಶ್ಚಿಮವಾಗಿ ಎರಚು, ಪಟ್ಟೆಪಟ್ಟೆ ಬೀಳಲ್ಲ. ಕುಂಟೆ ಎಳೆದು ಸಾಧ್ಯವಾದಷ್ಟು ಮಣ್ಣಿಗೆ ಸೇರಿಸು. ಮುಂದಿನ ವರ್ಷ ಮತ್ತೆ ಪರೀಕ್ಷೆ ಮಾಡಿಸು. ಸುಣ್ಣದಂಗಡೀಲಿ ಡೊಲೊಮೈಟ್ ಬೇಕಾ ಕ್ಯಾಲ್ಸೈಟ್ ಬೇಕಾ ಅಂತ ಕೇಳ್ತಾರೆ. ವರದಿಯಲ್ಲಿ ಮೆಗ್ನೀಸಿಯಂ ಕಡಿಮೆ ಅಂತಿದ್ದರೆ ಡೊಲೊಮೈಟ್, ಇಲ್ಲದಿದ್ದರೆ ಯಾವುದು ಅಗ್ಗವೋ ಅದು.

ಬೂದಿ ಬಂಗಾರ. ಸುಣ್ಣದ ಅರ್ಧದಷ್ಟು ಹುಳಿ ಕಳೆಯುತ್ತೆ, ಮೇಲಾಗಿ ನಿನಗೆ ಕಡಿಮೆ ಇರೋ ಪೊಟ್ಯಾಶ್ ಅದರಲ್ಲೇ ಇದೆ. ಬರೀ ಕಟ್ಟಿಗೆಯದ್ದಾಗಿರಬೇಕು. ಬಣ್ಣ ಬಳಿದ ಹಲಗೆ, ಔಷಧಿ ಕುಡಿಸಿದ ಮರ ಸುಟ್ಟಿದ್ದಿದ್ದರೆ ಎಸಿ. ತೆಳ್ಳಗೆ ಎರಚು, ಒಂದೇ ಕಡೆ ಸುರಿದರೆ ಅಲ್ಲಿ ಏನೂ ಹುಟ್ಟಲ್ಲ. ಬಿತ್ತುವ ದಿನ ಬೇಡ, ಈಗಲೇ ಹಾಕು. ಡ್ರಮ್ಮಿನ ತಳದಲ್ಲಿ ಕೆಂಡ ಬಿಸಿಯಾಗಿಯೇ ಉಳಿದಿರಬಹುದು, ಹುಷಾರು. ಸುತ್ತ ಪೈನ್ ಸೂಜಿ.

ಕ್ಲೋವರ್ ಆರೈಕೆ. ಮುಂದಿನ ಜೂನ್‌ನಲ್ಲಿ ರೈ ಎದೆಮಟ್ಟ ಬೆಳೆದು ಹಾಲುಗಾಳು ಕಟ್ಟೋ ಹೊತ್ತಿಗೆ ಅದನ್ನ ಕತ್ತರಿಸಿ ಹಾಗೇ ಮಲಗಿಸು. ಆ ಹುಲ್ಲು ಹೊದಿಕೆಯಾಗಿ ಮರಳಿನ ತೇವ ಹಿಡಿಯುತ್ತೆ, ಕೆಳಗಿಂದ ಕ್ಲೋವರ್ ಏಳುತ್ತೆ. ಹುಲ್ಲು ತೀರಾ ದಪ್ಪಕ್ಕೆ ಕೂತ ಕಡೆ ಮಾತ್ರ ಕೆದರು. ಆಮೇಲೆ ಕಳೆ ಹೂ ಬಿಟ್ಟು ಬೀಜ ಕಟ್ಟೋ ಮುಂಚೆ, ಏಳೆಂಟು ಅಂಗುಲ ಬಿಟ್ಟು, ಮೇಲಿಂದ ಮೇಲೆ ಸವರಬೇಕು. ಬಿಸಿಲು ಜೋರಿದ್ದು ಮಳೆ ಇಲ್ಲದಾಗ ಬ್ಲೇಡ್ ಮುಟ್ಟಬೇಡ. ಕ್ಲೋವರ್ ತನ್ನ ನೆರಳಲ್ಲೇ ಬದುಕ್ತಾ ಇರುತ್ತೆ ಆಗ.

ಹುಲ್ಲಿನ ಕಳೆಗೆ ಕ್ಲೆಥೊಡಿಮ್, ಅದು ಕ್ಲೋವರನ್ನೂ ಚಿಕೋರಿಯನ್ನೂ ಕೊಲ್ಲಲ್ಲ. ಅಗಲ ಎಲೆ ಕಳೆಗೆ 2,4-ಡಿಬಿ ಅಂತ ಒಂದಿದೆ. ಕೊನೆಯ ಬಿ ಅಕ್ಷರ ಇದೆಯಾ ಅಂತ ಎರಡು ಸಲ ಓದು. ಅದಿಲ್ಲದ 2,4-ಡಿ ಹೊಡೆದರೆ ಕ್ಲೋವರ್ ಹಾಳಾಗುತ್ತೆ. ಮತ್ತೆ ಡಿಬಿಯೇ ಆದರೂ ಚಿಕೋರಿಗೆ ಏಟು ಬೀಳುತ್ತೆ, ಅದು ಇರೋ ಕಡೆ ಬ್ಲೇಡಲ್ಲೇ ಸಂಭಾಳಿಸು. ಕ್ಲೋವರ್‌ಗೆ ಯೂರಿಯಾ ಕೊಡಬೇಡ. ಅದು ತನ್ನ ಸಾರಜನಕ ತಾನೇ ಮಾಡ್ಕೊಳ್ಳುತ್ತೆ, ನೀನು ಕೊಟ್ಟಿದ್ದು ಹುಲ್ಲಿಗೆ ಹೋಗುತ್ತೆ. ಪೊಟ್ಯಾಶ್ ಮಾತ್ರ ವರದಿ ಹೇಳಿದಷ್ಟು ವರ್ಷವರ್ಷ ಕೊಡು, ಮರಳಲ್ಲಿ ಅದು ನಿಲ್ಲಲ್ಲ.

ಎರಡು ಬೇಸಿಗೆ ನೋಡಿಯೂ ಕ್ಲೋವರ್ ಒಣಗ್ತಾನೇ ಇದ್ದರೆ ಹಠ ಬೇಡ. ಪ್ರತಿ ಸೆಪ್ಟೆಂಬರ್ ರೈ ಬಿತ್ತು, ಜೂನ್‌ನಲ್ಲಿ ಮಲಗಿಸು, ಮಣ್ಣಿಗೆ ಸಾವಯವ ಸೇರ್ತಾ ಹೋಗಲಿ. ಒಂದು ಜಿಂಕೆ ತಿರುಗಾಡೋ ಜಾಗ ಹೆಚ್ಚುಕಡಿಮೆ ಒಂದು ಚದರ ಮೈಲಿ, 640 ಎಕರೆ. ನಿನ್ನ ಅರ್ಧ ಎಕರೆ ಅದರ ಹೊಟ್ಟೆ ತುಂಬಿಸಬೇಕಾಗಿಲ್ಲ, ದಾರೀಲಿ ಹತ್ತು ನಿಮಿಷ ನಿಲ್ಲಿಸಿದರೆ ಸಾಕು. ಬಯಲಿನ ಅಂಚಲ್ಲಿ ನಾಲ್ಕಾರು ಆಸ್ಪೆನ್ ಈ ಚಳಿಗಾಲ ಕಡಿದು ಬಿಡು. ಬೇರಿನಿಂದ ನೂರಾರು ಚಿಗುರು ಏಳ್ತವೆ, ಬಿತ್ತೋ ಖರ್ಚೂ ಇಲ್ಲ, ಮರೆಯೂ ಆಯ್ತು, ಮೇವೂ ಆಯ್ತು. ಗಾಳಿಮೂಗಣ್ಣ ಹೇಳಿದ ಆಗ್ನೇಯದ ದಾರಿ ಮಾತ್ರ ಖಾಲಿ ಇಟ್ಕೊ, ಕಡಿದ ಕೊಂಬೆ ಅಲ್ಲಿ ಬೀಳಿಸಬೇಡ.